ಬೆಟ್ಟ ಹತ್ತುವ ಹತ್ತು ಮಂದಿ: ಅಗ್ನಿಪಥ ಚರ್ಚೆಯಲ್ಲಿ ನಾವು ಕೇಳದೇ ಬಿಟ್ಟ ಪ್ರಶ್ನೆ

ಜುಲೈ 26 ಬಂತೆಂದರೆ ನಮ್ಮೆಲ್ಲರ ಸ್ಟೇಟಸ್ಸಿನಲ್ಲಿ ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದ ಸೈನಿಕರ ಫೋಟೋ. ಮರುದಿನ ಅದು ಮಾಯ. ವರ್ಷದ ಉಳಿದ ದಿನಗಳಲ್ಲಿ ಸೈನ್ಯದ ಮಾತು ಬಂದರೆ ಅದು ಹೋಗಿ ನಿಲ್ಲೋದು ಒಂದೇ ಕಡೆ, ಅಗ್ನಿಪಥ. ಅಲ್ಲಿಯೂ ಎರಡೇ ಪಾಳಯ. 'ನಾಲ್ಕು ವರ್ಷ ದುಡಿಸಿಕೊಂಡು ಪಿಂಚಣಿ ಇಲ್ಲದೆ ಮನೆಗೆ ಕಳಿಸ್ತಾರೆ' ಅನ್ನುವವರು ಒಂದು ಕಡೆ. 'ಸೈನ್ಯ ಏನು ಉದ್ಯೋಗ ಖಾತ್ರಿ ಯೋಜನೆಯಾ, ಸೈನ್ಯ ಅಂದಮೇಲೆ ಯುವಕರೇ ಇರಬೇಕು' ಅನ್ನುವವರು ಇನ್ನೊಂದು ಕಡೆ.

ಈ ಜಗಳದಲ್ಲಿ ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆದರೆ ಎರಡೂ ಕಡೆಯವರು ಬಿಟ್ಟುಹೋದ ಪ್ರಶ್ನೆ ಒಂದಿದೆ. ನಮ್ಮ ಗಡಿಯ ದೊಡ್ಡ ಪಾಲು ಬೆಟ್ಟ. ಪಾಕಿಸ್ತಾನದ ಜೊತೆಗಾಗಲಿ ಚೀನಾದ ಜೊತೆಗಾಗಲಿ ಜಟಾಪಟಿ ನಡೆದದ್ದು, ನಾಳೆ ನಡೆಯಬಹುದಾದದ್ದು ಬಹುತೇಕ ಇಂಥ ಎತ್ತರಗಳಲ್ಲೇ. ಆ ಬೆಟ್ಟದ ಮೇಲೆ ಒಂದು ಸಣ್ಣ ತುಕಡಿ ಮಾಡಬೇಕಾದ ಕೆಲಸ ನಿಜಕ್ಕೂ ಏನು? ಆ ಕೆಲಸ ಕಲಿಯಲು ಎಷ್ಟು ಕಾಲ ಬೇಕು? ಅದನ್ನು ಕಲಿಸುವವರು ಯಾರು?

ಮೊದಲ ಬ್ಯಾಚಿನ ಅಗ್ನಿವೀರರು ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭಕ್ಕೆ ಮುಗಿಯುತ್ತದೆ. ನೂರರಲ್ಲಿ 25 ಮಂದಿ ಉಳಿಯುತ್ತಾರೆ, 75 ಮಂದಿ ಹೊರಗೆ ಬರುತ್ತಾರೆ ಎಂಬುದು ಯೋಜನೆಯ ಮೂಲ ಲೆಕ್ಕ. ಈ ಲೆಕ್ಕ ಸರಿಯೋ ತಪ್ಪೋ ಎಂದು ಟಿವಿ ಸ್ಟುಡಿಯೋದಲ್ಲಿ ಕೂತು ನಿರ್ಧರಿಸುವ ಬದಲು, ಒಮ್ಮೆ ಬೆಟ್ಟದ ಕಡೆಯಿಂದ ನೋಡೋಣ.

ಬೆಟ್ಟದ ಲೆಕ್ಕವೇ ಬೇರೆ

ಕಾಲಾಳು ಪಡೆಯ ಅತಿ ಚಿಕ್ಕ ಘಟಕ ಸೆಕ್ಷನ್. ಸುಮಾರು ಹತ್ತು ಮಂದಿ. ಅವರಿಗೆ ಒಬ್ಬ ಹವಾಲ್ದಾರ್ ಕಮಾಂಡರ್. ಇಂಥ ಮೂರು ಸೆಕ್ಷನ್ ಸೇರಿ ಒಂದು ಪ್ಲಟೂನ್, ಮೂರು ಪ್ಲಟೂನ್ ಸೇರಿ ಒಂದು ರೈಫಲ್ ಕಂಪನಿ. ಸೆಕ್ಷನ್ ಒಳಗೂ ಎರಡು ಭಾಗ. ಲೈಟ್ ಮೆಷಿನ್ ಗನ್ ಹಿಡಿದ ಗುಂಪು ಗುಂಡು ಹಾರಿಸಿ ಎದುರಾಳಿ ತಲೆ ಎತ್ತದಂತೆ ನೋಡಿಕೊಳ್ಳುತ್ತೆ, ಅಷ್ಟರಲ್ಲಿ ರೈಫಲ್ ಗುಂಪು ಮುಂದೆ ಸರಿಯುತ್ತೆ. ಆಮೇಲೆ ಇವರು ಗುಂಡು ಹಾರಿಸುತ್ತಾರೆ, ಅವರು ಮುಂದೆ ಬರುತ್ತಾರೆ. 'ಫೈರ್ ಅಂಡ್ ಮೂವ್' ಅಂದರೆ ಇಷ್ಟೇ. ಒಬ್ಬರು ಕಾಯುವಾಗ ಇನ್ನೊಬ್ಬರು ನಡೆಯುವುದು. ಪ್ರಪಂಚದ ಎಲ್ಲ ಸೈನ್ಯಗಳ ಅಆಇಈ ಇದು.

ಬಯಲಿನಲ್ಲಿ ಇದು ಹೇಳಿದಷ್ಟೇ ಸುಲಭ ಅಂತಲ್ಲ. ಆದರೆ ಬೆಟ್ಟದಲ್ಲಿ ಪ್ರತಿ ಹೆಜ್ಜೆಗೂ ನಿಯಮ ಬದಲಾಗುತ್ತೆ.

ಮೊದಲನೆಯದು ಸಂಖ್ಯೆ. ಬಯಲಿನಲ್ಲಿ ಒಬ್ಬ ರಕ್ಷಕನಿಗೆ ಮೂವರು ದಾಳಿಕೋರರು ಬೇಕು ಎನ್ನುವುದು ಹಳೆಯ ಲೆಕ್ಕ. ಬೆಟ್ಟದಲ್ಲಿ ಅದು ಆರಾಗಬಹುದು, ಒಂಬತ್ತೂ ಆಗಬಹುದು. ಅಷ್ಟು ಜನರನ್ನು ತಂದರೂ ಎಲ್ಲರನ್ನೂ ಒಟ್ಟಿಗೆ ಬಳಸಲು ಆಗಲ್ಲ. ಶಿಖರಕ್ಕೆ ಹೋಗುವ ಏಣಿನ ಅಗಲ ಕೆಲವೊಮ್ಮೆ ಇಬ್ಬರು ಅಕ್ಕಪಕ್ಕ ನಡೆಯುವಷ್ಟೂ ಇರುವುದಿಲ್ಲ. ಕೆಳಗೆ ಸಾವಿರ ಜನರಿದ್ದರೂ ತುದಿ ಮುಟ್ಟುವ ಹೊತ್ತಿಗೆ ಹೋರಾಟ ಹತ್ತು ಜನರದ್ದು.

ಎರಡನೆಯದು ದಾರಿ. ನಾಲಾದಲ್ಲಿ, ಅಂದರೆ ಕಣಿವೆಯ ಹಳ್ಳದಲ್ಲಿ ನಡೆದರೆ ಕಾಲಿಗೆ ಸುಲಭ. ಆದರೆ ಮೇಲಿರುವವನಿಗೆ ಅದು ಗುರಿ ಇಟ್ಟು ಕಾಯಲು ಹೇಳಿ ಮಾಡಿಸಿದ ಜಾಗ. ಏಣಿನ ಮೇಲೆ ನಡೆದರೆ ಎತ್ತರ ಸಿಗುತ್ತೆ, ಆದರೆ ನೆತ್ತಿಯ ಮೇಲೆ ಕಾಲಿಟ್ಟರೆ ಆಕಾಶದ ಎದುರು ನಿಮ್ಮ ಆಕಾರ ಕತ್ತರಿಸಿಟ್ಟ ಹಾಗೆ ಕಾಣುತ್ತೆ. ಹಾಗಾಗಿ ನೆತ್ತಿಗಿಂತ ತುಸು ಕೆಳಗೆ, ಇಳಿಜಾರಿಗೆ ಅಂಟಿಕೊಂಡು ಹೋಗಬೇಕು. ಕಡಿದಾದ ಬಂಡೆಯ ಮುಖ ಅತ್ಯಂತ ಕಷ್ಟದ ದಾರಿ. ಅದೇ ಕಾರಣಕ್ಕೆ ಅಲ್ಲಿ ಕಾವಲು ಕಡಿಮೆ.

ಮೂರನೆಯದು ಕಣ್ಣಿಗೆ ಮೋಸ. ಕೆಳಗಿನಿಂದ ನೋಡಿದರೆ ತುದಿ ಅನ್ನಿಸುವುದು ಎಷ್ಟೋ ಸಲ ತುದಿಯಲ್ಲ. ಅಲ್ಲಿಗೆ ಹತ್ತಿದರೆ ಆಚೆ ಇನ್ನೊಂದು ಏರು. ಕಾಯುವವನು ಶಿಖರದ ಹಿಂಬದಿ ಇಳಿಜಾರಿನಲ್ಲಿ ಕೂತಿದ್ದರೆ ನಿಮ್ಮ ಫಿರಂಗಿ ಗುಂಡು ಅವನ ತಲೆ ಮೇಲಿಂದ ಹಾರಿಹೋಗುತ್ತೆ. ನೀವು ಏದುಸಿರು ಬಿಡುತ್ತಾ ನೆತ್ತಿಗೆ ಬಂದಾಗ ಅವನು ಹತ್ತಿಪ್ಪತ್ತು ಮೀಟರ್ ದೂರದಲ್ಲಿರುತ್ತಾನೆ.

ನಾಲ್ಕನೆಯದು ದೇಹ. 5,000 ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದಕ್ಕೇ ಸೇನೆಯಲ್ಲಿ ಎತ್ತರಕ್ಕೆ ಒಗ್ಗಿಕೊಳ್ಳಲು ಮೂರು ಹಂತಗಳ ನಿಯಮವಿದೆ. ಮೊದಲ ಹಂತಕ್ಕೆ 6 ದಿನ, ಮುಂದಿನ ಎರಡಕ್ಕೆ ತಲಾ 4 ದಿನ, ಒಟ್ಟು 14 ದಿನ. ಇದನ್ನು ಬಿಟ್ಟು ಓಡಿದವನ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅವನ ವಯಸ್ಸು 20 ಆಗಿದ್ದರೂ ಸರಿ, ಮ್ಯಾರಥಾನ್ ಗೆದ್ದವನಾಗಿದ್ದರೂ ಸರಿ.

ಐದನೆಯದು ಹೊರೆ. ರೈಫಲ್, ಗುಂಡು, ಗ್ರೆನೇಡ್, ಹಗ್ಗ, ನೀರು, ಊಟ, ಬೆಚ್ಚನೆ ಬಟ್ಟೆ ಎಲ್ಲವೂ ಬೆನ್ನ ಮೇಲೆ. ಊಟ ಜಾಸ್ತಿ ಹೊತ್ತರೆ ಗುಂಡು ಕಡಿಮೆ, ಗುಂಡು ಜಾಸ್ತಿ ಹೊತ್ತರೆ ಊಟ ಕಡಿಮೆ. ಒಬ್ಬ ಗಾಯಗೊಂಡರೆ ಅವನನ್ನು ಕೆಳಗಿಳಿಸಲು ನಾಲ್ವರು ಬೇಕು. ಹತ್ತರ ಸೆಕ್ಷನ್ನಿನಲ್ಲಿ ಇಬ್ಬರು ಬಿದ್ದರೆ, ಅವರನ್ನು ಎತ್ತುವುದಾ ಮುಂದೆ ಹೋಗುವುದಾ ಎಂಬ ಪ್ರಶ್ನೆಗೆ ಅಲ್ಲೇ, ಆಗಲೇ ಉತ್ತರ ಬೇಕು. ಉತ್ತರ ಕೊಡಬೇಕಾದವನು ದೆಹಲಿಯ ಜನರಲ್ ಅಲ್ಲ, ಆ ಹವಾಲ್ದಾರ್.

ತೊಲೊಲಿಂಗ್ ಕಲಿಸಿದ್ದು

ಇದೆಲ್ಲ ಪುಸ್ತಕದ ಮಾತಲ್ಲ. 1999ರ ಮೇ ತಿಂಗಳಲ್ಲಿ ಕಾರ್ಗಿಲ್‌ನಲ್ಲಿ ನುಸುಳುಕೋರರು ಕಾಣಿಸಿಕೊಂಡಾಗ ಮೊದಮೊದಲು ಇದು ಬೆರಳೆಣಿಕೆಯ ಉಗ್ರರ ಕೆಲಸ ಎಂದೇ ಲೆಕ್ಕ ಹಾಕಲಾಗಿತ್ತು. ಮೇಲೆ ಕೂತಿದ್ದವರು ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್ಫಂಟ್ರಿಯ ಸೈನಿಕರು. ಕಲ್ಲು ಪೇರಿಸಿ ಕಟ್ಟಿದ ಸಂಗರ್‌ಗಳಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಶ್ರೀನಗರ–ಲೇಹ್ ಹೆದ್ದಾರಿಯನ್ನು ಮೇಲಿನಿಂದ ನೋಡುತ್ತಿದ್ದರು.

ದ್ರಾಸ್ ಪಟ್ಟಣದ ನೆತ್ತಿಯ ಮೇಲಿರುವ ತೊಲೊಲಿಂಗ್‌ಗೆ ಮೊದಲು ಹತ್ತಿದ್ದು 18 ಗ್ರೆನೇಡಿಯರ್ಸ್. ಮೇ ಕೊನೆಯ ವಾರಗಳಲ್ಲಿ ಮತ್ತೆ ಮತ್ತೆ ಪ್ರಯತ್ನ ಮಾಡಿದರು. ಮೇಜರ್ ರಾಜೇಶ್ ಅಧಿಕಾರಿ ಸತ್ತರು. ಬೆಟಾಲಿಯನ್ನಿನ ಎರಡನೇ ಸ್ಥಾನದ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಆರ್. ವಿಶ್ವನಾಥನ್ ಸತ್ತರು. ಮರಗಿಡವಿಲ್ಲದ ಬೋಳು ಇಳಿಜಾರು, ಫಿರಂಗಿ ಬೆಂಬಲ ಸಾಲದು, ಶತ್ರುವಿನ ಸಂಖ್ಯೆ ಗೊತ್ತಿಲ್ಲ, ಎತ್ತರಕ್ಕೆ ಒಗ್ಗಲು ಸಮಯವಿಲ್ಲ, ಮೇಲಿನಿಂದ 'ಬೇಗ ಬೇಗ' ಎಂಬ ಒತ್ತಡ. ಧೈರ್ಯಕ್ಕೆ ಕೊರತೆ ಇರಲಿಲ್ಲ. ಉಳಿದದ್ದೆಲ್ಲದಕ್ಕೂ ಕೊರತೆ ಇತ್ತು.

ಜೂನ್ 12ರ ರಾತ್ರಿ ಹತ್ತಿದ 2 ರಾಜಪುತಾನಾ ರೈಫಲ್ಸ್ ಜೂನ್ 13ರ ಬೆಳಗಿನ ಹೊತ್ತಿಗೆ ತೊಲೊಲಿಂಗ್ ಗೆದ್ದಿತು. ಆ ಬೆಟಾಲಿಯನ್ನಿನ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಎಂ.ಬಿ. ರವೀಂದ್ರನಾಥ್. ನಮ್ಮ ಕರ್ನಾಟಕದವರು, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. ಮುಂದೆ ಅವರಿಗೆ ವೀರಚಕ್ರ ಬಂತು. 18 ಗ್ರೆನೇಡಿಯರ್ಸ್‌ಗೂ ಇವರಿಗೂ ಇದ್ದ ವ್ಯತ್ಯಾಸ ಶೌರ್ಯದ್ದಲ್ಲ, ಸಮಯದ್ದು. ಇವರಿಗೆ ಬೆಟ್ಟವನ್ನು ನೋಡಿಕೊಳ್ಳಲು, ದಾರಿ ಗುರುತಿಸಲು, ತಾಲೀಮು ಮಾಡಲು ಅವಕಾಶ ಸಿಕ್ಕಿತು. ಬೋಫೋರ್ಸ್ ಸೇರಿದಂತೆ ಫಿರಂಗಿಗಳನ್ನು ಒಂದೇ ಗುರಿಗೆ ಒಟ್ಟುಗೂಡಿಸಲಾಯಿತು. ಗ್ರೆನೇಡಿಯರ್‌ಗಳು ಮೂರು ವಾರ ರಕ್ತ ಸುರಿಸಿ ಬಂಡೆಗಳ ಮರೆಯಲ್ಲಿ ಹಿಡಿದುಕೊಂಡಿದ್ದ ಜಾಗಗಳೇ ಇವರಿಗೆ ಮೆಟ್ಟಿಲಾದವು.

ಆದರೆ ಫಿರಂಗಿ ಎಷ್ಟೇ ಇರಲಿ, ಅದು ಒಂದು ಹಂತಕ್ಕೆ ನಿಲ್ಲಲೇಬೇಕು. ನಮ್ಮವರು ಸಂಗರ್‌ಗೆ ತೀರಾ ಹತ್ತಿರ ಬಂದ ಮೇಲೆ ಗುಂಡು ಹಾಕಿದರೆ ನಮ್ಮವರೇ ಸಾಯುತ್ತಾರೆ. ಫಿರಂಗಿ ನಿಂತ ಕ್ಷಣದಿಂದ ಗ್ರೆನೇಡ್ ಒಳಗೆ ಬೀಳುವ ಕ್ಷಣದವರೆಗಿನ ಆ ಕೊನೆಯ ಕೆಲವು ಮೀಟರ್, ಕೆಲವು ನಿಮಿಷ. ಬೆಟ್ಟದ ಯುದ್ಧದ ಗೆಲುವು ಸೋಲು ಇರೋದು ಅಲ್ಲಿ. ತೊಲೊಲಿಂಗ್‌ನಲ್ಲಿ ಮೇಜರ್ ವಿವೇಕ್ ಗುಪ್ತಾ ಸತ್ತದ್ದು ಅಲ್ಲಿ. ಮೈಗೆ ಗುಂಡು ತಗುಲಿದ ಮೇಲೂ ನಾಯಕ್ ದಿಗೇಂದ್ರ ಕುಮಾರ್ ಮುಂದೆ ಹೋದದ್ದು ಅಲ್ಲಿ. ಇಬ್ಬರಿಗೂ ಮಹಾವೀರ ಚಕ್ರ. ಮೂವತ್ತರ ಆಸುಪಾಸಿನ ದಿಗೇಂದ್ರ ಆಗಲೇ ಪಳಗಿದ ನಾಯಕ್.

ಟೈಗರ್ ಹಿಲ್‌ನ ಹತ್ತೊಂಬತ್ತರ ಹುಡುಗ

ಈಗ ಇನ್ನೊಂದು ಕಡೆಯ ಸಾಕ್ಷಿಯನ್ನೂ ಕೇಳಬೇಕು. ಇಲ್ಲದಿದ್ದರೆ ಇದು ವಾದವಾಗುತ್ತೆ, ವಿಶ್ಲೇಷಣೆ ಆಗಲ್ಲ.

ಅದೇ 18 ಗ್ರೆನೇಡಿಯರ್ಸ್ ಜುಲೈ 3ರ ರಾತ್ರಿ 5,062 ಮೀಟರ್ ಎತ್ತರದ ಟೈಗರ್ ಹಿಲ್‌ಗೆ ಹತ್ತಿತು. ತೊಲೊಲಿಂಗ್‌ನಲ್ಲಿ ಪೆಟ್ಟು ತಿಂದ ಬೆಟಾಲಿಯನ್ ಈ ಬಾರಿ ಬೇರೆ ಥರ ಯೋಚಿಸಿತು. ಎದುರಿನಿಂದ ಫಿರಂಗಿಯ ಸುರಿಮಳೆ, ಹಲವು ದಿಕ್ಕಿನಿಂದ ಒತ್ತಡ. ಅದರ ನಡುವೆ ಲೆಫ್ಟಿನೆಂಟ್ ಬಲವಾನ್ ಸಿಂಗ್ ನೇತೃತ್ವದ ಘಾತಕ್ ಪ್ಲಟೂನ್ ಯಾರೂ ಬರಲಾರರು ಅಂತ ಎದುರಾಳಿ ಅಂದುಕೊಂಡಿದ್ದ ಕಡಿದಾದ ಬಂಡೆಯ ಮುಖದಿಂದ ಹಗ್ಗ ಕಟ್ಟಿಕೊಂಡು ಮೇಲೆ ಬಂತು. ಹಗ್ಗ ಕಟ್ಟುತ್ತಾ ಮುಂದೆ ಹೋದವರಲ್ಲಿ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಒಬ್ಬರು. ಅವರ ವಯಸ್ಸು ಆಗ 19. ಸೇನೆಗೆ ಸೇರಿ ಮೂರು ವರ್ಷವೂ ತುಂಬಿರಲಿಲ್ಲ. ಹಲವು ಗುಂಡು ತಗುಲಿದ ಮೇಲೂ ಹೋರಾಡಿದ ಅವರಿಗೆ ಪರಮವೀರ ಚಕ್ರ ಬಂತು. ಅದೇ ದಿನ ಪಾಯಿಂಟ್ 4875ರಲ್ಲಿ ಶತ್ರುವಿನ ಮೆಷಿನ್ ಗನ್ ಕಿತ್ತುಕೊಂಡು ಅವರತ್ತಲೇ ತಿರುಗಿಸಿದ ರೈಫಲ್‌ಮನ್ ಸಂಜಯ್ ಕುಮಾರ್‌ಗೆ 23 ವರ್ಷ. ಅವರೂ ಸೇರಿ ಮೂರು ವರ್ಷದ ಆಸುಪಾಸು.

ಅಂದರೆ ಅಗ್ನಿಪಥದ ಪರ ಇರುವವರು 'ನೋಡಿ, ಮೂರು ವರ್ಷದ ಸರ್ವಿಸ್‌ನ ಹುಡುಗರು ಪರಮವೀರ ಚಕ್ರ ತಂದರು' ಅಂದರೆ ಅದು ಸುಳ್ಳಲ್ಲ. ಬಂಡೆ ಹತ್ತಲು ಹರೆಯ ಬೇಕು. ಇದನ್ನು ಅಲ್ಲಗಳೆಯುವವರು ಬೆಟ್ಟವನ್ನು ಫೋಟೋದಲ್ಲಿ ಮಾತ್ರ ನೋಡಿರಬೇಕು.

ಆದರೆ ಅದೇ ಟೈಗರ್ ಹಿಲ್‌ನ ಕಥೆ ಅಲ್ಲಿಗೆ ಮುಗಿಯಲ್ಲ. ತುದಿ ಹಿಡಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕು. ಬೆಟ್ಟದ ಯುದ್ಧದಲ್ಲಿ ಗೆದ್ದ ತಕ್ಷಣ ಮರುದಾಳಿ ಬಂದೇ ಬರುತ್ತೆ. ಗೆದ್ದವರು ಸುಸ್ತಾಗಿರುತ್ತಾರೆ, ಗುಂಡು ಖಾಲಿಯಾಗಿರುತ್ತೆ, ಎದುರಾಳಿಗೆ ಅದು ಗೊತ್ತಿರುತ್ತೆ. ಟೈಗರ್ ಹಿಲ್‌ನ ಪಶ್ಚಿಮದ ಏಣು ಎದುರಾಳಿಗೆ ಸಾಮಾನು ಬರುವ ದಾರಿ. ಅದನ್ನು ಕಡಿಯಲು ಹೋದದ್ದು 8 ಸಿಖ್ ಬೆಟಾಲಿಯನ್ನಿನ ಐವತ್ತರ ಆಸುಪಾಸಿನ ಒಂದು ಗುಂಪು. ಅವರ ಮೇಲೆ ಮರುದಾಳಿ ಬಿತ್ತು. ಅಧಿಕಾರಿಗಳು ಗಾಯಗೊಂಡ ಮೇಲೆ ಹೋರಾಟ ಮುಂದುವರಿಸಿದ್ದು ಸುಬೇದಾರ್ ನಿರ್ಮಲ್ ಸಿಂಗ್‌ರಂಥ ಹಳೆಯ ಕೈಗಳು. ನಿರ್ಮಲ್ ಸಿಂಗ್ ಅಲ್ಲೇ ಸತ್ತರು. ಏಣು ಉಳಿಯಿತು.

ಹೀಗೆ ಬೆಟ್ಟ ಕೇಳಿದ್ದು ಎರಡನ್ನೂ. ಹತ್ತೊಂಬತ್ತರ ಕಾಲು, ನಲವತ್ತರ ತಲೆ. ಅಧಿಕಾರಿ ಬಿದ್ದಾಗ ಆಜ್ಞೆಗೆ ಕಾಯದೆ ಮುಂದೇನು ಮಾಡಬೇಕೆಂದು ತಿಳಿದಿರುವ ಹವಾಲ್ದಾರ್, ಸುಬೇದಾರ್. ಅವರ ಮಾತಿಗೆ ಹಿಂದುಮುಂದು ನೋಡದೆ ಏಳುವ ಹುಡುಗ.

ಸುಬ್ರಹ್ಮಣ್ಯಂ ಸಮಿತಿ ಹೇಳಿದ್ದೇನು?

ಅಗ್ನಿಪಥವನ್ನು ಸಮರ್ಥಿಸುವಾಗ ಪದೇ ಪದೇ ಕೇಳಿಬರುವ ಮಾತು, 'ಕಾರ್ಗಿಲ್ ಪರಾಮರ್ಶೆ ಸಮಿತಿಯೇ ಸೈನ್ಯ ಯುವಕರದ್ದಾಗಬೇಕು ಅಂದಿತ್ತು' ಎನ್ನುವುದು. ಹೌದು, ಅಂದಿತ್ತು. ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಆ ಸಮಿತಿ ಸೇನೆ ಸದಾ ಚಿಕ್ಕ ವಯಸ್ಸಿನ, ದೃಢಕಾಯದ ಪಡೆಯಾಗಿರಬೇಕು ಎಂದು ಬರೆದಿತ್ತು. ಆದರೆ ವಾಕ್ಯದ ಉಳಿದರ್ಧವನ್ನು ಯಾರೂ ಓದಿ ಹೇಳಲ್ಲ. 1976ರಿಂದ ಜಾರಿಯಲ್ಲಿದ್ದ 17 ವರ್ಷದ ಸೇವಾವಧಿಯನ್ನು 7ರಿಂದ 10 ವರ್ಷಕ್ಕೆ ಇಳಿಸಿ, ಆಮೇಲೆ ಅವರನ್ನು ಅರೆಸೇನಾ ಪಡೆಗಳಿಗೆ ಕಳಿಸಬಹುದು ಎಂಬುದು ಸಮಿತಿಯ ಸಲಹೆ.

7ರಿಂದ 10. ನಾಲ್ಕಲ್ಲ. ಆಮೇಲೆ ಇನ್ನೊಂದು ಸಮವಸ್ತ್ರದ ಕೆಲಸ. ಮೀಸಲಾತಿಯ ಆಶ್ವಾಸನೆ ಹಿಡಿದು ಮತ್ತೆ ಪರೀಕ್ಷೆಯ ಸಾಲಿನಲ್ಲಿ ನಿಲ್ಲುವುದಲ್ಲ.

ಹಾಗಂತ ಸಮಿತಿ ಹೇಳಿದ್ದೇ ವೇದವಾಕ್ಯ ಅಂತಲ್ಲ. ಇಪ್ಪತ್ತು ವರ್ಷದಲ್ಲಿ ಪರಿಸ್ಥಿತಿ ಬದಲಾಗಿರಬಹುದು. ನಾಲ್ಕೇ ವರ್ಷ ಸಾಕು ಅನ್ನಲು ಸರ್ಕಾರಕ್ಕೆ ಬೇರೆ ಕಾರಣಗಳಿರಬಹುದು. ಇದ್ದರೆ ಅವನ್ನು ಹೇಳಬೇಕು. ಹಳೆಯ ವರದಿಯ ಅರ್ಧ ಸಾಲನ್ನು ತೋರಿಸಿ ಇದೇ ಆಧಾರ ಅನ್ನುವುದು ಸರಿಯಲ್ಲ.

ನಾಲ್ಕು ವರ್ಷದಲ್ಲಿ ಏನಾಗುತ್ತೆ, ಏನಾಗಲ್ಲ

2022ರ ಜೂನ್ 14ರಂದು ಘೋಷಣೆಯಾದ ಯೋಜನೆಯ ಪ್ರಕಾರ ಹದಿನೇಳೂವರೆಯಿಂದ 21 ವರ್ಷದವರು ಸೇರಬಹುದು. ಮೊದಲ ವರ್ಷ ಮಾತ್ರ ಮಿತಿಯನ್ನು 23ಕ್ಕೆ ಏರಿಸಲಾಗಿತ್ತು. ನಾಲ್ಕು ವರ್ಷದಲ್ಲಿ ಸುಮಾರು ಆರು ತಿಂಗಳು ತರಬೇತಿ. ಹೊರಬರುವಾಗ 11.71 ಲಕ್ಷ ರೂಪಾಯಿ ಸೇವಾನಿಧಿ. ಸೇನೆಯ ಸರಾಸರಿ ವಯಸ್ಸು 32ರಿಂದ 26ಕ್ಕೆ ಇಳಿಯುತ್ತೆ ಎಂಬುದು ಸರ್ಕಾರದ ನಿರೀಕ್ಷೆ.

ಮೂರೂವರೆ ವರ್ಷ ಬೆಟಾಲಿಯನ್ನಿನಲ್ಲಿ ಕಳೆದ ಹುಡುಗ ಒಳ್ಳೆಯ ರೈಫಲ್‌ಮನ್ ಆಗಬಹುದು. ಯೋಗೇಂದ್ರ, ಸಂಜಯ್ ಅದಕ್ಕೆ ಸಾಕ್ಷಿ. ಪ್ರಶ್ನೆ ಅದಲ್ಲ. ಒಂದು ಸೆಕ್ಷನ್ನಿಗೆ ಒಂದೇ ಬ್ಯಾಚಿನಲ್ಲಿ ನಾಲ್ವರು ಅಗ್ನಿವೀರರು ಬಂದರು ಅಂದುಕೊಳ್ಳಿ. 25ರ ಲೆಕ್ಕದಲ್ಲಿ ನಾಲ್ಕು ವರ್ಷದ ನಂತರ ಉಳಿಯುವುದು ಒಬ್ಬ. ಮುಂದೆ ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಆಗಿ ಆ ಸೆಕ್ಷನ್ ನಡೆಸಬೇಕಾದವನು ಅವನೇ. ಹಿಂದೆ ನಾಲ್ವರಲ್ಲಿ ಯಾರಿಗೆ ಬೆಟ್ಟ ಓದುವ ಕಣ್ಣಿದೆ, ಯಾರ ಮಾತಿಗೆ ಉಳಿದವರು ಏಳುತ್ತಾರೆ ಎಂದು ಹತ್ತು ವರ್ಷ ನೋಡಿ ನಿರ್ಧರಿಸುತ್ತಿದ್ದರು. ಈಗ ನಾಲ್ಕನೇ ವರ್ಷದಲ್ಲೇ ನಿರ್ಧಾರ ಆಗಬೇಕು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಓಟ, ಫೈರಿಂಗ್, ಲಿಖಿತ ಪರೀಕ್ಷೆಯಲ್ಲಿ ಮುಂದಿರುವವನು ಮೂವತ್ತೆರಡನೇ ವಯಸ್ಸಿನಲ್ಲಿ ಒಳ್ಳೆಯ ಸೆಕ್ಷನ್ ಕಮಾಂಡರ್ ಆಗುತ್ತಾನೆಯೇ? ಆಗಬಹುದು. ಆದರೆ ಆ ಜಾಗಕ್ಕೆ ಆರಿಸಲು ಸಿಗುವವರ ಸಂಖ್ಯೆ ಕುಗ್ಗಿದೆ, ನೋಡಿ ಆರಿಸುವ ಕಾಲವೂ ಕುಗ್ಗಿದೆ.

ಎರಡನೆಯದು ನಂಬಿಕೆ. 'ಫೈರ್ ಅಂಡ್ ಮೂವ್' ಅಂದರೆ ನಾನು ಬಂಡೆಯ ಮರೆ ಬಿಟ್ಟು ಏಳುವಾಗ ಪಕ್ಕದವನು ಗುಂಡು ಹಾರಿಸುತ್ತಲೇ ಇರುತ್ತಾನೆ ಎಂಬ ಭರವಸೆ. ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಕೆಲಸ ಉಳಿಯುವುದಾದರೆ ಪಕ್ಕದವನು ಸಂಗಾತಿಯೂ ಹೌದು, ಪ್ರತಿಸ್ಪರ್ಧಿಯೂ ಹೌದು. ಇದರಿಂದ ನಂಬಿಕೆ ಮುರಿಯುತ್ತೆ ಎಂದು ಹೇಳಿಬಿಡುವುದು ಅವಸರದ ಮಾತು. ಬಡ್ತಿಗೆ ಪೈಪೋಟಿ ಹಿಂದೆಯೂ ಇತ್ತು, ಗುಂಡಿನ ಎದುರು ನಿಂತಾಗ ಮನುಷ್ಯ ಹುದ್ದೆಯ ಲೆಕ್ಕ ಹಾಕಲ್ಲ. ಆದರೆ ಬಡ್ತಿ ತಪ್ಪುವುದಕ್ಕೂ ಬದುಕೇ ತಪ್ಪುವುದಕ್ಕೂ ವ್ಯತ್ಯಾಸವಿದೆ. ಹಾಗಾಗಿ ಇದು ಅಳೆದು ನೋಡಬೇಕಾದ ಅಪಾಯ.

ಕಡಿಮೆ ಅವಧಿಯ ಸೈನಿಕರು ಬೆಟ್ಟದಲ್ಲಿ ಸೋತೇ ಸೋಲುತ್ತಾರೆ ಎಂದೇನೂ ಇಲ್ಲ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಅರ್ಜೆಂಟೀನಾದ ಸೈನ್ಯ ಬಹುಪಾಲು ಕಡ್ಡಾಯ ಸೇವೆಗೆ ಬಂದ ಹುಡುಗರದ್ದು. ಪೋರ್ಟ್ ಸ್ಟ್ಯಾನ್ಲಿ ಸುತ್ತಲಿನ ಗುಡ್ಡಗಳಲ್ಲಿ ಬ್ರಿಟಿಷರ ರಾತ್ರಿ ದಾಳಿಗೆ ಅವರು ಒಂದೊಂದಾಗಿ ನೆಲೆ ಕಳೆದುಕೊಂಡರು. ಆದರೆ ಟಂಬಲ್‌ಡೌನ್ ಗುಡ್ಡದಲ್ಲಿ ಅವರದೇ 5ನೇ ಮರೀನ್ ಬೆಟಾಲಿಯನ್ ಸ್ಕಾಟ್ಸ್ ಗಾರ್ಡ್ಸ್‌ಗೆ ಇಡೀ ರಾತ್ರಿ ಬೆವರಿಳಿಸಿತು. ಅವರಲ್ಲೂ ಕಡ್ಡಾಯ ಸೇವೆಯ ಹುಡುಗರೇ ಹೆಚ್ಚು. ಆದರೆ ಅವರು ದಕ್ಷಿಣ ತುದಿಯ ಚಳಿಯಲ್ಲೇ ಪಳಗಿದವರು, ತಮ್ಮ ಅಧಿಕಾರಿಗಳ ಜೊತೆಗೇ ತಾಲೀಮು ಮಾಡಿದವರು, ಸರಿಯಾದ ಬಟ್ಟೆಬರೆ ಇದ್ದವರು. ಅವಧಿಯೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಆ ಅವಧಿಯಲ್ಲಿ ಏನು ಕಲಿಸುತ್ತೀರಿ, ಯಾರ ಕೈಕೆಳಗೆ, ಯಾವ ನೆಲದಲ್ಲಿ ಎಂಬುದು ತೀರ್ಮಾನಿಸುತ್ತೆ.

ಇಲ್ಲಿ ನಮ್ಮ ಬೆಳಗಾವಿಯ ಹೆಸರು ಹೇಳಲೇಬೇಕು. ಸೇನೆಯ ಇನ್ಫಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಇರುವುದು ಅಲ್ಲಿ. ಕಮಾಂಡೋ ಕೋರ್ಸಿಗೆ, ಸಣ್ಣ ತುಕಡಿ ನಡೆಸುವುದನ್ನು ಕಲಿಯುವುದಕ್ಕೆ ದೇಶದ ಮೂಲೆಮೂಲೆಯಿಂದ ಸೈನಿಕರು ಅಲ್ಲಿಗೆ ಬರುತ್ತಾರೆ. ಅದೇ ಊರಿನ ಮರಾಠಾ ಲೈಟ್ ಇನ್ಫಂಟ್ರಿ ಕೇಂದ್ರದಿಂದ ಅಗ್ನಿವೀರರ ಬ್ಯಾಚುಗಳೂ ಹೊರಬರುತ್ತಿವೆ. ಸೈನಿಕನನ್ನು ತಯಾರು ಮಾಡುವುದು, ಸೈನಿಕರ ನಾಯಕನನ್ನು ತಯಾರು ಮಾಡುವುದು ಎರಡು ಬೇರೆ ಬೇರೆ ಕೆಲಸ ಎಂಬುದು ಸೇನೆಗೆ ಚೆನ್ನಾಗಿ ಗೊತ್ತು. ಅಗ್ನಿಪಥದ ಚರ್ಚೆ ಪೂರ್ತಿ ಮೊದಲನೆಯದರ ಬಗ್ಗೆ. ಎರಡನೆಯದರ ಬಗ್ಗೆ ಮೌನ.

ಡ್ರೋನ್ ಬಂತಲ್ಲ, ಇನ್ನು ಬೆಟ್ಟ ಹತ್ತೋದ್ಯಾಕೆ?

ಈ ಪ್ರಶ್ನೆ ಬಂದೇ ಬರುತ್ತೆ. 2025ರ ಜುಲೈ 26ರಂದು ದ್ರಾಸ್‌ನಲ್ಲೇ ನಿಂತು ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ 'ರುದ್ರ' ಬ್ರಿಗೇಡ್, 'ಭೈರವ' ಲೈಟ್ ಕಮಾಂಡೋ ಬೆಟಾಲಿಯನ್‌ಗಳನ್ನು ಘೋಷಿಸಿದರು. ಪ್ರತಿ ಕಾಲಾಳು ಬೆಟಾಲಿಯನ್ನಿಗೂ ಒಂದು ಡ್ರೋನ್ ಪ್ಲಟೂನ್ ಎಂದರು. ಒಂದು ಭೈರವ ಬೆಟಾಲಿಯನ್ ಅಂದರೆ ಸುಮಾರು 250 ಮಂದಿ. ಮಾಮೂಲಿ ಬೆಟಾಲಿಯನ್ನಿನ ಮೂರನೇ ಒಂದು ಭಾಗದಷ್ಟು. ದಿಕ್ಕು ಸ್ಪಷ್ಟವಾಗಿದೆ: ಚಿಕ್ಕ, ಹಗುರ, ಚುರುಕು ತುಕಡಿಗಳು.

ಡ್ರೋನ್ ಬೆಟ್ಟದ ಯುದ್ಧವನ್ನು ಖಂಡಿತ ಬದಲಿಸಿದೆ. 1999ರಲ್ಲಿ ಶಿಖರದ ಹಿಂಬದಿಯಲ್ಲಿ ಎಷ್ಟು ಜನ ಇದ್ದಾರೆಂದು ತಿಳಿಯಲು ಜೀವ ತೆರಬೇಕಿತ್ತು. ಇವತ್ತು ಚಿಕ್ಕದೊಂದು ಯಂತ್ರ ಹೋಗಿ ನೋಡಿ ಬರುತ್ತೆ. ಆದರೆ ತೆಳು ಗಾಳಿಯಲ್ಲಿ ಅದರ ರೆಕ್ಕೆಗೆ ಬಲ ಕಡಿಮೆ, ಚಳಿಗೆ ಬ್ಯಾಟರಿ ಬೇಗ ಸಾಯುತ್ತೆ, ಶಿಖರದ ಗಾಳಿ ಅದನ್ನು ಎತ್ತಿ ಬಿಸಾಡುತ್ತೆ. ಅದಕ್ಕಿಂತ ಮುಖ್ಯವಾದ ಮಾತು, ಡ್ರೋನ್ ನೆಲ ಹಿಡಿಯಲ್ಲ.

2020ರ ನಾಗೋರ್ನೊ-ಕರಾಬಾಖ್ ಯುದ್ಧವನ್ನು 'ಡ್ರೋನ್ ಯುದ್ಧ' ಅಂತಲೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆದರೆ ಆ ಯುದ್ಧ ಮುಗಿದದ್ದು ಬೆಟ್ಟದ ಮೇಲಿನ ಶುಶಾ ಪಟ್ಟಣ ಬಿದ್ದಾಗ. ಅದನ್ನು ಬೀಳಿಸಿದ್ದು ಹಗುರ ಶಸ್ತ್ರ ಹಿಡಿದು ಕಾಡಿನ ದಾರಿಯಲ್ಲಿ ಸಣ್ಣ ಸಣ್ಣ ಗುಂಪಾಗಿ ನಡೆದು, ಬಂಡೆ ಹತ್ತಿ ಬಂದ ಅಜರ್‌ಬೈಜಾನಿನ ವಿಶೇಷ ಪಡೆಯವರು. ನವೆಂಬರ್ 8ಕ್ಕೆ ಶುಶಾ ಬಿದ್ದ ಘೋಷಣೆ, ಎರಡೇ ದಿನದಲ್ಲಿ ಕದನವಿರಾಮ. ನಮ್ಮಲ್ಲೂ ಗಲ್ವಾನ್‌ನಲ್ಲಿ 20 ಮಂದಿ ಸತ್ತ ಮೇಲೆ, 2020ರ ಆಗಸ್ಟ್ ಕೊನೆಯಲ್ಲಿ, ಚೀನಾ ಮಾತುಕತೆಯ ಮೇಜಿನಲ್ಲಿ ಸ್ವಲ್ಪ ಮೆತ್ತಗಾದದ್ದು ನಮ್ಮ ಸೈನಿಕರು ರಾತ್ರೋರಾತ್ರಿ ಪ್ಯಾಂಗಾಂಗ್ ದಕ್ಷಿಣದ ಕೈಲಾಸ ಶ್ರೇಣಿಯ ಎತ್ತರಗಳನ್ನು ಹತ್ತಿ ಕೂತ ಮೇಲೆ.

ಡ್ರೋನ್ ಬಂದ ಮೇಲೆ ಸೆಕ್ಷನ್ ಕಮಾಂಡರನ ಕೆಲಸ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಮೇಲಿನಿಂದ ಕಾಣುತ್ತೇವೆ ಎಂಬ ಕಾರಣಕ್ಕೆ ಗುಂಪು ಇನ್ನಷ್ಟು ಚಿಕ್ಕದಾಗಬೇಕು, ಇನ್ನಷ್ಟು ಚದುರಬೇಕು. ಚದುರಿದಷ್ಟೂ ಪ್ರತಿಯೊಬ್ಬರೂ ತಾವೇ ನಿರ್ಧಾರ ತೆಗೆದುಕೊಳ್ಳುವವರಾಗಿರಬೇಕು. ಭೈರವದಂಥ ಪಡೆಗಳಿಗೆ ಬೇಕಿರುವುದು ಇಂಥ ಅನುಭವಿ ಕೈಗಳು. ಒಂದು ಕಡೆ ಅಂಥ ಪಡೆ ಕಟ್ಟುತ್ತಾ, ಇನ್ನೊಂದು ಕಡೆ ಅನುಭವ ಹುಟ್ಟುವ ತಳಪಾಯವನ್ನೇ ನಾಲ್ಕು ವರ್ಷಕ್ಕೆ ಇಳಿಸಿದರೆ ಎರಡೂ ಹೇಗೆ ಹೊಂದುತ್ತವೆ ಎಂಬುದಕ್ಕೆ ಉತ್ತರ ಬೇಕು.

ಹಾಗಾದರೆ ಏನು ಕೇಳಬೇಕು?

ಕಾರ್ಗಿಲ್‌ನಲ್ಲಿ ನಾವು ಕಳೆದುಕೊಂಡದ್ದು 527 ಮಂದಿಯನ್ನು. ಅದರಲ್ಲಿ ಒಂದಷ್ಟು ಸಾವುಗಳ ಬೇರು ಬೆಟ್ಟದಲ್ಲಿರಲಿಲ್ಲ, ದೆಹಲಿಯಲ್ಲಿತ್ತು. ನುಸುಳಿದ್ದು ತಿಳಿಯಲು ತಡವಾದದ್ದು ಗುಪ್ತಚರ ವ್ಯವಸ್ಥೆಯ ಸೋಲು. ನಿಯಂತ್ರಣ ರೇಖೆ ದಾಟಬಾರದು ಎಂಬುದು ರಾಜಕೀಯ ನಿರ್ಧಾರ. ಅದು ಯುದ್ಧ ಹಬ್ಬದಂತೆ ತಡೆಯಿತು, ಜಗತ್ತಿನ ಬೆಂಬಲ ತಂದಿತು, ನನ್ನ ಪ್ರಕಾರ ಸರಿಯಾದ ನಿರ್ಧಾರವೇ. ಆದರೆ ಅದರ ಬೆಲೆಯನ್ನು ತೆತ್ತವರು ಹಿಂದಿನಿಂದ ಸುತ್ತುವರಿಯುವ ದಾರಿ ಇಲ್ಲದೆ ಎದುರಿನಿಂದಲೇ ಹತ್ತಬೇಕಾದ ಸೆಕ್ಷನ್‌ಗಳು. ರಾಜಕೀಯ ನಿರ್ಧಾರ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅದರ ಬಿಲ್ಲು ಕೊನೆಗೆ ಹೋಗುವುದು ಆ ಹತ್ತು ಮಂದಿಗೆ. ಅಗ್ನಿಪಥವೂ ಅಂಥದ್ದೇ ಒಂದು ರಾಜಕೀಯ ನಿರ್ಧಾರ.

ಹಾಗಾಗಿ 'ಯೋಜನೆ ರದ್ದು ಮಾಡಿ', 'ಯೋಜನೆ ಮುಟ್ಟಬೇಡಿ' ಎಂಬ ಎರಡು ಘೋಷಣೆಗಳ ನಡುವೆ ನಿಂತು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ.

ಒಂದು, 25 ಎಂಬ ಅಂಕಿ ಎಲ್ಲಿಂದ ಬಂತು? ಗುಮಾಸ್ತ, ಚಾಲಕ, ತಂತ್ರಜ್ಞ, ರೈಫಲ್‌ಮನ್ ಎಲ್ಲರಿಗೂ ಒಂದೇ ಪ್ರಮಾಣ ಏಕೆ? ಬೆಟ್ಟ ಹತ್ತುವ ಕಾಲಾಳು ಬೆಟಾಲಿಯನ್‌ಗಳಿಗೆ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಉಳಿಸಿಕೊಂಡರೆ ವಯಸ್ಸಿನ ಲೆಕ್ಕ ಎಷ್ಟು ಕೆಡುತ್ತೆ?

ಎರಡು, 2035ರ ಸೆಕ್ಷನ್ ಕಮಾಂಡರ್ ಯಾರು? ಈಗ ಉಳಿಯುವ ಕೆಲವರೇ ಅವರು. ಅವರನ್ನು ಆರಿಸುವ ಮಾನದಂಡದಲ್ಲಿ ಓಟಕ್ಕೆ ಎಷ್ಟು ಅಂಕ, ಬೆಟ್ಟದ ಅನುಭವಕ್ಕೆ ಎಷ್ಟು, ಸಂಗಾತಿಗಳ ಅಭಿಪ್ರಾಯಕ್ಕೆ ಎಷ್ಟು?

ಮೂರು, ಎತ್ತರದ ಪ್ರದೇಶಕ್ಕೆ ಹೋಗುವ ಅಗ್ನಿವೀರನಿಗೆ ಪರ್ವತ ಯುದ್ಧದ ಪ್ರತ್ಯೇಕ ತರಬೇತಿ ಎಷ್ಟು ವಾರ? ಆರು ತಿಂಗಳಲ್ಲಿ ಅದು ಹಿಡಿಸುತ್ತದೆಯೇ?

ನಾಲ್ಕು, ಒಂದೇ ಬಂಡೆಯ ಮರೆಯಲ್ಲಿ, ಒಂದೇ ಗುಂಡಿಗೆ ಸತ್ತ ಇಬ್ಬರಲ್ಲಿ ಒಬ್ಬನ ಮನೆಗೆ ಕುಟುಂಬ ಪಿಂಚಣಿ, ಇನ್ನೊಬ್ಬನ ಮನೆಗೆ ವಿಮೆ ಮತ್ತು ಪರಿಹಾರದ ಮೊತ್ತ ಮಾತ್ರ ಏಕೆ? ಈ ವ್ಯತ್ಯಾಸ ಬೇಡ ಎಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ ಹೇಳಿದೆ. ಇದಕ್ಕೆ ಯುದ್ಧತಂತ್ರದ ಯಾವ ಸಮರ್ಥನೆಯೂ ಇಲ್ಲ, ಇರುವುದು ಖಜಾನೆಯ ಸಮರ್ಥನೆ ಮಾತ್ರ.

ಐದು, ಮೊದಲ ಬ್ಯಾಚಿನ ನಾಲ್ಕು ವರ್ಷದ ಮೌಲ್ಯಮಾಪನವನ್ನು, ರಹಸ್ಯದ ಭಾಗ ಬಿಟ್ಟು, ಸಂಸತ್ತಿನ ಮುಂದೆ ಇಡುತ್ತೀರಾ? ಕಾರ್ಗಿಲ್ ಮುಗಿದ ಕೆಲವೇ ತಿಂಗಳಲ್ಲಿ ಆಗಿನ ಸರ್ಕಾರ ಪರಾಮರ್ಶೆ ಸಮಿತಿಯ ವರದಿಯನ್ನು ಸಂಸತ್ತಿನಲ್ಲಿ ಮಂಡಿಸಿತ್ತು. ಅದರಿಂದ ದೇಶ ದುರ್ಬಲವಾಗಲಿಲ್ಲ. ಅದೇ ವರದಿಯನ್ನು ಇವತ್ತಿಗೂ ಎಲ್ಲರೂ ಉಲ್ಲೇಖಿಸುತ್ತಿದ್ದಾರೆ.

ಕೊಡಗಿನಲ್ಲಿ, ಬೆಳಗಾವಿಯಲ್ಲಿ, ಹಾಸನದಲ್ಲಿ, ವಿಜಯಪುರದಲ್ಲಿ ಬೆಳಗಿನ ಜಾವ ಮೈದಾನದಲ್ಲಿ ಓಡುತ್ತಿರುವ ಹುಡುಗರಿಗೆ 1.6 ಕಿಲೋಮೀಟರ್ ಓಟದ ಸಮಯ ಸೆಕೆಂಡು ಸಹಿತ ಗೊತ್ತು. ಆಮೇಲೆ ತಮ್ಮನ್ನು ಯಾವ ಬೆಟ್ಟಕ್ಕೆ, ಎಷ್ಟು ತಯಾರಿಯೊಂದಿಗೆ, ಯಾರ ಹಿಂದೆ ಕಳಿಸುತ್ತಾರೆ ಎಂಬುದು ಗೊತ್ತಿಲ್ಲ. ಅದನ್ನು ಕೇಳುವುದು ಸೇನೆಗೆ ಮಾಡುವ ಅವಮಾನ ಅಂತ ಯಾರಾದರೂ ಅಂದರೆ, ತೊಲೊಲಿಂಗ್‌ನ ಮೊದಲ ಮೂರು ವಾರ ಏನಾಯಿತು ಎಂದು ಅವರಿಗೆ ಹೇಳಿ. ಪ್ರಶ್ನೆ ಕೇಳದೆ ಬೆಟ್ಟ ಹತ್ತಿಸಿದರೆ ಏನಾಗುತ್ತೆ ಎಂಬುದಕ್ಕೆ ಆ ಮೂರು ವಾರಗಳೇ ಉತ್ತರ.